ನೂರೆಂಟನೆಯ ಕೊಠಡಿಯ ಟೆಲಿಫೋನು

ನಮ್ಮ ಸಂಚಿಕೆಗೆ ಪ್ರತಿವರ್ಷವೂ ಕವಿತೆಗಳೂ ಪ್ರವಾಸದ ಅನುಭವಗಳೂ ಸಾಕಷ್ಟು ಬರುತ್ತವೆ. ಯಂತ್ರಗಳ ವಿಷಯದ ಲೇಖನ ಬರುವುದು ಅಪೂರ್ವ. ಕಲಾ ಕಾಲೇಜಿನವರಿಗೆ ಅದೇತಕ್ಕೆ ಎಂಬ ಭಾವನೆಯೇ ಅದಕ್ಕೆ ಕಾರಣವಿರಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಟೆಲಿಫೋನಿನ ಮೇಲೆ ಬರೆಯಹೊರಟದ್ದನ್ನು ಕಂಡು ಗೆಳೆಯರು ನಕ್ಕರು. ಆದರೆ ಕಳೆದ ಎರಡು ಬೇಸಿಗೆ ರಜೆಗಳನ್ನು ನಾನು ಕಳೆದದ್ದು ನಮ್ಮ ಭಾವನವರ ಜೊತೆಯಲ್ಲಿ, ಕಛೇರಿಗಳಿಗೂ ಲಾಡ್ಜುಗಳಿಗೂ ಒಳ ಟೆಲಿಫೋನು ಹಾಕಿಕೊಡುವ ಕೆಲಸದಲ್ಲಿ. ಅಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ, ಅದನ್ನು ತಿದ್ದುವಾಗ ಕಲಿತದ್ದನ್ನೂ ಹೇಳುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಕೈಯಲ್ಲಿ ಮೊಬೈಲಿರುವಾಗ ಮೇಜಿನ ಮೇಲಿನ ಟೆಲಿಫೋನಿನ ಮಾತೇಕೆ ಎಂದು ವಾಚಕರು ಕೇಳಬಹುದು. ಆಸ್ಪತ್ರೆಯ ವಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಲಾಡ್ಜಿನ ಕೊಠಡಿಯಲ್ಲಿ ಅದು ಇನ್ನೂ ಇದೆ. ಒಂದು ಕಟ್ಟಡದಲ್ಲಿ ನಲವತ್ತು ಟೆಲಿಫೋನುಗಳಿದ್ದರೆ ನಲವತ್ತಕ್ಕೂ ಹೊರಗಿನಿಂದ ಲೈನು ತರಿಸುವುದಿಲ್ಲ. ಎರಡೋ ಮೂರೋ ಹೊರ ಲೈನುಗಳು, ನಲವತ್ತು ಒಳ ತಂತಿಗಳು, ನಡುವೆ ಒಂದು ಪೆಟ್ಟಿಗೆ. ಕಸುಬಿನವರು ಅದನ್ನು ಇ.ಪಿ.ಎ.ಬಿ.ಎಕ್ಸ್. ಎನ್ನುತ್ತಾರೆ, ಲಾಡ್ಜಿನ ಹುಡುಗರಿಗೆ ಅದು ಇಂಟರ್‌ಕಾಮ್ ಡಬ್ಬ. ಯಾರಾದರೂ ಅಂಕಿ ಒತ್ತಿದರೆ ಆ ಪೆಟ್ಟಿಗೆ ಒಂದು ತೀರ್ಮಾನಕ್ಕೆ ಬರಬೇಕು. ಇದು ಒಳಗಿನ ಕರೆಯೇ, ಹೊರಗಿನದೇ? ಇಷ್ಟು ಅಂಕಿ ಸಾಕೇ, ಇನ್ನೂ ಬರಲಿದೆಯೇ? ಒತ್ತಿದವನಿಗೆ ಈ ಕರೆ ಮಾಡುವ ಅಧಿಕಾರವಿದೆಯೇ? ಈ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಬರೆದಿಟ್ಟ ಉತ್ತರಗಳ ಪಟ್ಟಿಗೆ ಡಯಲ್ ಪ್ಲಾನ್ ಎಂದು ಹೆಸರು. ಅಂಕಿಗಳ ಕಟ್ಟಳೆ ಎಂದರೂ ನಡೆದೀತು.

ಅಂಕಿಗೆ ಈ ಅಧಿಕಾರ ಬಂದದ್ದು ಹೇಗೆಂಬುದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತ, ಆಪರೇಟರಿಲ್ಲದೆ ತಾನಾಗಿಯೇ ಕರೆ ಕೂಡಿಸುವ ಯಂತ್ರಕ್ಕೆ ೧೮೯೧ರಲ್ಲಿ ಪೇಟೆಂಟ್ ಪಡೆದ. ತನ್ನ ಗಿರಾಕಿಗಳ ಕರೆಗಳನ್ನು ಆಪರೇಟರು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾರೆಂದು ಆತನಿಗೆ ಅನುಮಾನವಿತ್ತಂತೆ! ಆ ಬಗೆಯ ಯಂತ್ರದಲ್ಲಿ ನೀವು ೪ ತಿರುಗಿಸಿದರೆ ಒಂದು ಲೋಹದ ತೋಳು ನಾಲ್ಕು ಮೆಟ್ಟಿಲು ಮೇಲೇರಿ ನಿಲ್ಲುತ್ತಿತ್ತು. ಮುಂದಿನ ಅಂಕಿಗಳೆಲ್ಲ ಆ ಮೆಟ್ಟಿಲಿನ ಮೇಲಿನ ಹುಡುಕಾಟ. ಬೆಂಗಳೂರಿನಲ್ಲಿ ೧೯೪೮ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯೂ ಮೊದಮೊದಲು ತಯಾರಿಸಿದ್ದು ಈ ಜಾತಿಯ ಯಂತ್ರಗಳನ್ನೇ. ಆ ತೋಳುಗಳು ಮಾಯವಾಗಿ ಬಹಳ ಕಾಲವಾಯಿತು. ಆದರೆ ನಮ್ಮ ಭಾವನವರು ಇಂದಿಗೂ ಮೊದಲ ಅಂಕಿಯನ್ನು ‘ಲೆವೆಲ್’ ಎಂದೇ ಕರೆಯುತ್ತಾರೆ: ಒಂದರ ಲೆವೆಲ್, ನಾಲ್ಕರ ಲೆವೆಲ್. ಮೊದಲ ಅಂಕಿ ಒತ್ತಿದೊಡನೆ ದಾರಿಯ ಮುಕ್ಕಾಲು ಭಾಗ ತೀರ್ಮಾನವಾಗಿಬಿಡುತ್ತದೆ ಎಂಬುದು ಆ ಹಳೆಯ ಮಾತಿನಲ್ಲಡಗಿರುವ ಸತ್ಯ.

ಇನ್ನು ನನ್ನ ಕಥೆ. ನಮ್ಮೂರಿಗೆ ಸಮೀಪದ ಪಟ್ಟಣದಲ್ಲಿ ಒಂದು ಲಾಡ್ಜು. ಮೂರು ಮಹಡಿ, ಮಹಡಿಗೆ ಹನ್ನೆರಡರಂತೆ ಮೂವತ್ತಾರು ಕೊಠಡಿ. ಗೋಡೆಯೊಳಗಿನ ಹಳೆಯ ತಂತಿಗಳನ್ನೇ ಉಳಿಸಿಕೊಂಡು, ಒಂದು ಚಿಕ್ಕ ಕಂಪ್ಯೂಟರಿನಲ್ಲಿ ಆಸ್ಟರಿಸ್ಕ್ ಎಂಬ ತಂತ್ರಾಂಶ ಹಾಕಿ ನಡೆಸುವುದೆಂದು ಗೊತ್ತಾಯಿತು. ಇದು ೧೯೯೯ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ತರುಣ ಬರೆಯಲಾರಂಭಿಸಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಇದರಲ್ಲಿ ಡಯಲ್ ಪ್ಲಾನೆಂಬುದು ಸಾದಾ ಅಕ್ಷರಗಳ ಒಂದು ಕಡತ. ಎಕ್ಸ್ ಎಂದು ಬರೆದರೆ ಸೊನ್ನೆಯಿಂದ ಒಂಬತ್ತರವರೆಗೆ ಯಾವ ಅಂಕಿಯಾದರೂ ಸರಿ. ಜೆಡ್ ಎಂದರೆ ಒಂದರಿಂದ ಮೇಲೆ. ಎನ್ ಎಂದರೆ ಎರಡರಿಂದ ಮೇಲೆ. ನಾಲ್ಕು ಮುಂದೆ ಮೂರು ಎಕ್ಸ್ ಎಂದರೆ ೪೦೦೦ದಿಂದ ೪೯೯೯ರವರೆಗಿನ ಎಲ್ಲವೂ ಒಂದೇ ಸಾಲಿನಲ್ಲಿ ಬಂದುಬಿಡುತ್ತದೆ. ನಮ್ಮ ಬೀಜಗಣಿತದ ಅಕ್ಷರಗಳಿಗೂ ಒಂದು ಉಪಯೋಗವಿದೆಯೆಂದು ನನಗೆ ಮೊದಲು ಮನವರಿಕೆಯಾದದ್ದು ಇಲ್ಲಿಯೇ.

ಆ ದಿನ ಭಾವನವರು ಬೇರೆ ಊರಿಗೆ ಹೋಗಿದ್ದರು. ಕಡತ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಬಹಳ ಜಾಣತನವೆಂದು ಭಾವಿಸಿ, ಕೊಠಡಿಯ ಸಂಖ್ಯೆಯನ್ನೇ ಟೆಲಿಫೋನಿನ ಸಂಖ್ಯೆಯಾಗಿ ಮಾಡಿದೆ. ೧೦೧ನೆಯ ಕೊಠಡಿಗೆ ೧೦೧, ೨೧೨ಕ್ಕೆ ೨೧೨. ರಿಸೆಪ್ಷನ್ನಿಗೆ ೯, ಹೊರ ಲೈನಿಗೆ ಮೊದಲು ಸೊನ್ನೆ. ಲಾಡ್ಜಿನ ಯಜಮಾನರು ನೋಡಿ, “ನೆನಪಿಟ್ಟುಕೊಳ್ಳೋಕೆ ಸುಲಭವಾಯ್ತಪ್ಪಾ, ಬುದ್ಧಿವಂತ ನೀನು” ಎಂದರು. ಮೂವತ್ತಾರು ಕೊಠಡಿಗಳಿಗೂ ಹೋಗಿ ಗಂಟೆ ಬಾರಿಸಿ ನೋಡಿದೆವು. ಎಲ್ಲವೂ ಸರಿಯಾಗಿತ್ತು.

ಹದಿನೈದು ದಿನಗಳಾದ ಮೇಲೆ ಮದುವೆಗೆಂದು ಬಂದಿದ್ದ ವೃದ್ಧ ದಂಪತಿಗಳು ಮೂರನೆಯ ಮಹಡಿಯಲ್ಲಿ ಇಳಿದುಕೊಂಡಿದ್ದರು. ರಾತ್ರಿ ಎರಡು ಗಂಟೆಯ ಸುಮಾರಿಗೆ ಆ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಿತು. ಅವರ ಮೊಬೈಲಿಗೆ ಬೀಗದ ಅಂಕಿ; ಅದು ಹೆಂಡತಿಗೆ ಗೊತ್ತಿಲ್ಲ. ಆಕೆಯ ಮೊಬೈಲು ಚಾರ್ಜಿಲ್ಲದೆ ಸತ್ತಿತ್ತು. ಕಷ್ಟ ಬಂದರೆ ೧೦೮ ಒತ್ತಮ್ಮ ಎಂದು ಮಗ ಎಂದೋ ಹೇಳಿಕೊಟ್ಟಿದ್ದುದು ನೆನಪಾಗಿ ಆ ತಾಯಿ ಹಾಸಿಗೆಯ ಪಕ್ಕದ ಟೆಲಿಫೋನಿನಲ್ಲಿ ಅದನ್ನೇ ಒತ್ತಿದರು. ಗಂಟೆ ಬಾರಿಸಿದ್ದು ೧೦೮ನೆಯ ಕೊಠಡಿಯಲ್ಲಿ! ಅಲ್ಲಿ ಮಲಗಿದ್ದ ಒಬ್ಬ ಬೀಜದ ವ್ಯಾಪಾರಿ ಎದ್ದು, “ರಾಂಗ್ ನಂಬರಮ್ಮಾ” ಎಂದು ಇಟ್ಟುಬಿಟ್ಟ. ಆಕೆ ಮತ್ತೆ ಒತ್ತಿದರು, ಮತ್ತೆ ಅವನೇ. ಮೂರನೆಯ ಸಲ ಆಕೆ ಅಳುತ್ತ, “ಆಸ್ಪತ್ರೆ ಗಾಡಿ ಕಳಿಸಿಕೊಡಪ್ಪಾ, ನಮ್ಮ ಯಜಮಾನರಿಗೆ ಎದೆ ನೋವು” ಎಂದಾಗ ಅವನಿಗೆ ಅನುಮಾನ ಬಂದು, “ಎಲ್ಲಿದ್ದೀರಮ್ಮಾ?” ಎಂದು ಕೇಳಿದ. ಲಾಡ್ಜಿನ ಹೆಸರು ಕೇಳಿದೊಡನೆ ಮೆಟ್ಟಿಲು ಹತ್ತಿ ಓಡಿದ; ತನ್ನ ಮೊಬೈಲಿನಿಂದ ಆಂಬುಲೆನ್ಸ್ ಕರೆಸಿದ. ಹಿರಿಯರು ಬದುಕಿಕೊಂಡರು. ಆ ಪುಣ್ಯಾತ್ಮ ಮೂರನೆಯ ಸಲ ಟೆಲಿಫೋನು ಎತ್ತದೆ ಇದ್ದಿದ್ದರೆ ಎಂಬುದನ್ನು ನಾನು ಹಲವು ರಾತ್ರಿ ಯೋಚಿಸಿದ್ದೇನೆ.

ಮರುದಿನ ಭಾವನವರು ಕಡತವನ್ನು ಒಮ್ಮೆ ನೋಡಿ, ನನ್ನನ್ನು ಬಯ್ಯಲಿಲ್ಲ. “ಒಂದರ ಲೆವೆಲನ್ನ ಯಾಕೋ ಮುಟ್ಟಿದೆ?” ಎಂದಷ್ಟೇ ಕೇಳಿದರು. ನಮ್ಮ ದೇಶದಲ್ಲಿ ಒಂದರಿಂದ ಆರಂಭವಾಗುವ ಸಂಖ್ಯೆಗಳನ್ನು ವಿಶೇಷ ಸೇವೆಗಳಿಗೆಂದು ಕಾದಿರಿಸಲಾಗಿದೆ. ಪೊಲೀಸರಿಗೆ ೧೦೦, ಅಗ್ನಿಶಾಮಕ ದಳಕ್ಕೆ ೧೦೧, ಆಂಬುಲೆನ್ಸಿಗೆ ೧೦೨ ಮತ್ತು ೧೦೮, ಎಲ್ಲಕ್ಕೂ ಸೇರಿ ೧೧೨. ನನ್ನ ಮೊದಲ ಮಹಡಿಯ ಹನ್ನೆರಡು ಕೊಠಡಿಗಳಲ್ಲಿ ನಾಲ್ಕು ಈ ಸಂಖ್ಯೆಗಳ ಮೇಲೆಯೇ ಕುಳಿತಿದ್ದವು. ಬೆಂಕಿ ಬಿತ್ತೆಂದು ೧೦೧ ಒತ್ತಿದರೆ ಮೂಲೆಯ ಕೊಠಡಿಯ ಅತಿಥಿ ಎದ್ದು ಕೂರುತ್ತಿದ್ದ. ಆ ನಾಲ್ಕನ್ನು ಮಾತ್ರ ಬದಲಾಯಿಸಿದರೆ ಸಾಲದೇ ಎಂದೆ. ಸಾಲದು. ಮಕ್ಕಳ ಸಹಾಯವಾಣಿ ೧೦೯೮. ಅದನ್ನು ಒತ್ತುವಾಗ ೧೦೯ ಎಂಬಷ್ಟಕ್ಕೇ ಯಂತ್ರ ತೃಪ್ತಿಪಟ್ಟು ೧೦೯ನೆಯ ಕೊಠಡಿಗೆ ಗಂಟೆ ಬಾರಿಸಬಹುದು. ಕೊನೆಯ ಎಂಟು ಗಾಳಿಗೆ ಹೋಗುತ್ತದೆ. ಕಾದು ನೋಡು ಎಂದು ಯಂತ್ರಕ್ಕೆ ಹೇಳಬಹುದು, ನಿಜ. ಆಗ ೧೦೯ ಒತ್ತಿದವನು ಪ್ರತಿ ಸಲವೂ ಮೂರು ಸೆಕೆಂಡು ಸುಮ್ಮನೆ ಕಿವಿಗಿಟ್ಟುಕೊಂಡಿರಬೇಕು.

ಇಂಥ ತಪ್ಪಿಗೆ ಇದಕ್ಕಿಂತ ಬಹು ಘೋರವಾದ ಬೆಲೆ ತೆತ್ತ ಉದಾಹರಣೆ ಅಮೆರಿಕದಲ್ಲಿದೆ. ೨೦೧೩ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಮಾರ್ಷಲ್ ಎಂಬ ಊರಿನ ಒಂದು ವಸತಿಗೃಹದಲ್ಲಿ ಕ್ಯಾರಿ ಹಂಟ್ ಎಂಬಾಕೆಯ ಮೇಲೆ, ಆಕೆಯಿಂದ ಬೇರೆಯಾಗಿದ್ದ ಗಂಡನೇ ಹಲ್ಲೆ ಮಾಡಿದ. ಒಂಬತ್ತು ವರ್ಷದ ಮಗಳು ತನಗೆ ಕಲಿಸಿದ್ದಂತೆಯೇ ೯೧೧ ಒತ್ತಿದಳು. ಒಂದಲ್ಲ, ನಾಲ್ಕು ಸಲ. ಕರೆ ಹೋಗಲಿಲ್ಲ. ಆ ಕೊಠಡಿಯ ಟೆಲಿಫೋನಿನಲ್ಲಿ ಹೊರ ಲೈನಿಗೆ ಮೊದಲು ಇನ್ನೊಂದು ೯ ಒತ್ತಬೇಕಾಗಿತ್ತು. ತಾಯಿ ತೀರಿಕೊಂಡಳು. ಆಕೆಯ ತಂದೆ ಹಟ ಹಿಡಿದು ಹೋರಾಡಿದ್ದರಿಂದ ೨೦೧೮ರ ಫೆಬ್ರವರಿ ೧೬ರಂದು ಆಕೆಯ ಹೆಸರಿನಲ್ಲಿಯೇ ಒಂದು ಕಾನೂನು ಬಂತು. ೨೦೨೦ರ ಫೆಬ್ರವರಿ ೧೬ರಿಂದ ಅಲ್ಲಿ ಹೊಸದಾಗಿ ಹಾಕುವ ಇಂಥ ಯಂತ್ರಗಳಲ್ಲಿ ಯಾವ ಮುನ್ನಂಕಿಯೂ ಇಲ್ಲದೆ ೯೧೧ ಹೋಗಲೇಬೇಕು. ಕರೆ ಹೋದುದು ಆ ಕಟ್ಟಡದ ಕಛೇರಿಗೂ ತಿಳಿಯಬೇಕು. ಆ ಮಗು ತಪ್ಪು ಮಾಡಿರಲಿಲ್ಲ. ನಮ್ಮ ಲಾಡ್ಜಿನ ಆ ತಾಯಿಯೂ ಮಾಡಿರಲಿಲ್ಲ.

ಕಡತವನ್ನು ಹೊಸದಾಗಿ ಬರೆಯಲು ಕುಳಿತೆವು. ಒಂದರ ಲೆವೆಲನ್ನು ಪೂರ್ತಿಯಾಗಿ ತೆರವು ಮಾಡಿದೆವು. ಅಲ್ಲಿ ಬಂದದ್ದೆಲ್ಲ ನೇರ ಹೊರಕ್ಕೆ. ಕೊಠಡಿಗಳಿಗೆ ಮೊದಲು ೪ ಸೇರಿಸಿದೆವು: ೪೧೦೮, ೪೨೧೨. ಅಡಿಗೆಮನೆ, ಮ್ಯಾನೇಜರು ಮುಂತಾದವರಿಗೆ ೫ರಿಂದ ಆರಂಭವಾಗುವ ಎರಡಂಕಿ. ಇದರಲ್ಲೊಂದು ಸೊಗಸಿದೆ. ೪ ಕೇಳಿದೊಡನೆ ಇನ್ನು ಮೂರು ಅಂಕಿ ಬರಬೇಕೆಂದೂ, ೫ ಕೇಳಿದರೆ ಇನ್ನೊಂದೇ ಎಂದೂ ಯಂತ್ರಕ್ಕೆ ಗೊತ್ತು, ಎಲ್ಲಿಯೂ ಕಾಯಬೇಕಾಗಿಲ್ಲ. ತುರ್ತು ಕರೆ ಹೋದರೆ ಹೊರಗಿನವರಿಗೆ ಕಾಣುವುದು ಲಾಡ್ಜಿನ ಮುಖ್ಯ ಸಂಖ್ಯೆಯೇ ಹೊರತು ಕೊಠಡಿಯದಲ್ಲ. ಆದುದರಿಂದ ಅದೇ ಕ್ಷಣ ರಿಸೆಪ್ಷನ್ನಿನಲ್ಲಿ ಗಂಟೆ ಬಾರಿಸಿ, ಕರೆ ಮಾಡಿದ ಕೊಠಡಿಯ ಸಂಖ್ಯೆಯನ್ನು ತೋರಿಸುವಂತೆ ಒಂದು ಸಾಲು ಬರೆದೆವು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಸೊನ್ನೆ. ಗಾಬರಿಯಲ್ಲಿರುವವರು ಹೊರ ಲೈನಿನ ಸೊನ್ನೆಯನ್ನೂ ಸೇರಿಸಿ ೦೧೧೨ ಎಂದು ಒತ್ತಬಹುದು, ಅದೂ ಹೋಗಬೇಕು. ಆದರೆ ದೆಹಲಿಯ ಎಸ್.ಟಿ.ಡಿ. ಸಂಖ್ಯೆ ೦೧೧. ಅಲ್ಲಿನ ಅನೇಕ ಸಂಖ್ಯೆಗಳು ೨ರಿಂದ ಆರಂಭವಾಗುತ್ತವೆ. ದೆಹಲಿಗೆ ಮಾತನಾಡಬೇಕಾದವನು ಹೊರ ಲೈನಿನ ಸೊನ್ನೆಯನ್ನು ಮರೆತು ನೇರವಾಗಿ ೦೧೧-೨ ಎಂದು ಶುರುಮಾಡಿದರೆ, ಯಂತ್ರ ಮೊದಲ ಸೊನ್ನೆಯನ್ನು ನುಂಗಿ ೧೧೨ ಎಂದು ಹೊರಗೆ ಕೂಗುತ್ತದೆ. ತುರ್ತು ಸೇವೆಯವರು ಎತ್ತಿಕೊಳ್ಳುತ್ತಾರೆ! ಇದಕ್ಕೆ ಭಾವನವರು ಹೂಡಿದ ಉಪಾಯವೆಂದರೆ, ೦೧೧೨ ಆದಮೇಲೆ ಮಾತ್ರ ಮೂರು ಸೆಕೆಂಡು ಕಾಯುವುದು. ಮುಂದೆ ಅಂಕಿ ಬಾರದಿದ್ದರೆ ತುರ್ತು ಕರೆ. ಬಂದರೆ ದೆಹಲಿ ಎಂದು ತಿಳಿದು, ಬಿಟ್ಟುಹೋದ ಸೊನ್ನೆಯನ್ನು ತಾನೇ ಸೇರಿಸಿ ಕಳಿಸುವುದು. ಸೊನ್ನೆಯಿಲ್ಲದ ೧೧೨ಕ್ಕಾದರೋ ಒಂದು ಕ್ಷಣದ ತಡವೂ ಇಲ್ಲ.

ಯಜಮಾನರು ಕೊಠಡಿಗಳಿಂದ ವಿದೇಶಕ್ಕೆ ಕರೆ ಹೋಗದಂತೆ ಮಾಡಲು ಹೇಳಿದ್ದರು. ಹಿಂದೆ ಚಕ್ರದ ಟೆಲಿಫೋನಿಗೆ ಪುಟ್ಟ ಬೀಗ ಹಾಕುತ್ತಿದ್ದರಂತೆ. ಚತುರರು ರಿಸೀವರ್ ಇಡುವ ಗುಂಡಿಯನ್ನೇ ಟಕಟಕನೆ ಲೆಕ್ಕಕ್ಕೆ ಸರಿಯಾಗಿ ಬಡಿದು ಕರೆ ಮಾಡಿಬಿಡುತ್ತಿದ್ದರು, ಏಕೆಂದರೆ ಚಕ್ರವೂ ಮಾಡುತ್ತಿದ್ದುದು ಅಷ್ಟೇ, ಲೈನನ್ನು ಎಣಿಸಿ ಎಣಿಸಿ ಕಡಿಯುವುದು. ಈಗ ಬೀಗವೂ ಒಂದು ಸಾಲು ಅಕ್ಷರ. ವಿದೇಶದ ಕರೆ ಎರಡು ಸೊನ್ನೆಯಿಂದ ಆರಂಭವಾಗುತ್ತದಲ್ಲವೇ ಎಂದು ನಾನು ೦೦ ಎಂಬುದನ್ನು ತಡೆದೆ. ಸಂಜೆಗೆ ಯಾವ ಕೊಠಡಿಯಿಂದಲೂ ಮೊಬೈಲಿಗೆ ಕರೆ ಹೋಗದೆ ನಿಂತಿತು. ೨೦೨೧ರ ಜನವರಿ ೧೫ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಬೇಕಾದರೂ ಮುಂದೆ ಸೊನ್ನೆ ಬೇಕು. ಹೊರ ಲೈನಿನದೊಂದು, ಮೊಬೈಲಿನದೊಂದು, ಎರಡೂ ಸೇರಿ ೦೦! ತಡೆಯಬೇಕಾಗಿದ್ದುದು ೦೦೦. ಈ ಸಲ ಭಾವನವರು ನಕ್ಕರು.

ಕೊನೆಗೆ ಪರೀಕ್ಷೆ. ತುರ್ತು ಸಂಖ್ಯೆಯನ್ನು ಆಟಕ್ಕೆ ಒತ್ತುವಂತಿಲ್ಲ. ಹೊರ ಲೈನನ್ನು ಕಿತ್ತು ಅದರ ಜಾಗಕ್ಕೆ ನಮ್ಮದೇ ಇನ್ನೊಂದು ಯಂತ್ರವನ್ನು ಜೋಡಿಸಿ, ಯಾವ ಅಂಕಿಗಳು ಹೊರಗೆ ಬರುತ್ತವೆಂದು ಪರದೆಯ ಮೇಲೆ ನೋಡಿದೆವು. ಮೂವತ್ತಾರು ಕೊಠಡಿಗಳಿಂದಲೂ ೧೦೮, ೧೧೨, ೦೧೧೨ ಒತ್ತಿದೆ. ಆಮೇಲೆ ಲೈನು ಮರಳಿ ಜೋಡಿಸಿ, ಒಂದೇ ಒಂದು ಸಲ ೧೧೨ಕ್ಕೆ ಕರೆ ಮಾಡಿದೆವು. ಎತ್ತಿಕೊಂಡವರಿಗೆ ಭಾವನವರು ಮೊದಲ ಮಾತಿನಲ್ಲಿಯೇ ಇದು ಪರೀಕ್ಷೆಯೆಂದು ತಿಳಿಸಿ, ಕ್ಷಮೆ ಕೇಳಿ ಇಟ್ಟರು.

ಬಾಗಿಲ ಮೇಲೆ ೧೦೮ ಎಂದಿದ್ದು ಟೆಲಿಫೋನಿನ ಮೇಲೆ ೪೧೦೮ ಎಂದಿರುವುದೇಕೆಂದು ಅತಿಥಿಗಳು ಈಗಲೂ ಕೇಳುತ್ತಾರಂತೆ. ಯಜಮಾನರಿಗೂ ಹಳೆಯದೇ ಸುಲಭವಾಗಿತ್ತೆಂಬ ಕೊರಗು ಪೂರ್ತಿ ಹೋಗಿಲ್ಲ. ಪ್ರತಿ ಟೆಲಿಫೋನಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ ಬಂದಿದ್ದೇನೆ: ‘ಆಂಬುಲೆನ್ಸಿಗೆ ೧೦೮. ಮುಂದೆ ಏನನ್ನೂ ಸೇರಿಸಬೇಕಾಗಿಲ್ಲ.’