ಕಿಡಿ ಕಡಿದದ್ದು ಎಲ್ಲಿ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ತದಡಿಯ ಟ್ರಾಲರ್‌ಗಳೆಲ್ಲ ಧಕ್ಕೆ ಸೇರಿರುತ್ತವೆ. ಆ 61 ದಿನ ಕಡಲಿಗಿಳಿಯುವವು ನಾಡದೋಣಿಗಳು. ಇಂಜಿನ್ ಕಟ್ಟಿದರೂ 10 ಅಶ್ವಶಕ್ತಿ ಮೀರುವಂತಿಲ್ಲ. ಅಳಿವೆಯಲ್ಲಿ ಅಲೆ ಏಳುವ ಹೊತ್ತಿಗೆ ಆ ಇಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮಗುಚುತ್ತದೆ. ಹಾಗೆ ನಿಲ್ಲಲು ಎಷ್ಟೋ ಸಲ ಒಂದು ತೆಳು ವಯರ್ ಸಾಕು. ಆ ವಯರ್ ಹುಡುಕಿ ಸರಿಮಾಡುವ ದಂಡೆಯ ಮೆಕ್ಯಾನಿಕ್‌ಗಳ ಕೆಲಸಕ್ಕೆ ನಾವು ಕೊಟ್ಟಿರುವ ಬೆಲೆ ತೀರಾ ಕಡಿಮೆ.

“ಎಷ್ಟ್ ಎಳದ್ರೂ ಸ್ಟಾರ್ಟೇ ಆತಿಲ್ಲ ಮಾರಾಯ್ರೆ” ಎಂದು ದೋಣಿಯವರು ಇಂಜಿನ್ ಹೊತ್ತು ತಂದಾಗ ಒಳ್ಳೆಯ ಮೆಕ್ಯಾನಿಕ್ ಕಾರ್ಬುರೇಟರ್‌ಗೆ ಕೈ ಹಾಕುವ ಮೊದಲು ಪ್ಲಗ್ ಬಿಚ್ಚುತ್ತಾನೆ. ಅದನ್ನು ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಇಂಜಿನ್ನಿಗೆ ಒತ್ತಿ ಹಿಡಿದು ಹಗ್ಗ ಎಳೆಸುತ್ತಾನೆ. ಹಾಗೆ ಅರ್ಥ್ ಕೊಡದೆ ಎಳೆದರೆ ಕಿಡಿಗೆ ಕರೆಂಟ್ ಕೂಡಿಡುವ ಸಿಡಿಐ ಪೆಟ್ಟಿಗೆ ಸುಟ್ಟುಹೋಗಬಹುದು. ನೀಲಿ ಕಿಡಿ ಚಟಪಟ ಎಂದರೆ ದೋಷ ಎಣ್ಣೆಯ ಕಡೆ ಇರಬಹುದು. ಕಿಡಿಯೇ ಇಲ್ಲವೆಂದರೆ ವಯರಿಂಗ್ ಹುಡುಕಾಟ ಶುರು.

ಒಳಗಿನ ವ್ಯವಸ್ಥೆ ಹೀಗಿದೆ. ಫ್ಲೈವೀಲಿನ ಅಯಸ್ಕಾಂತಗಳು ತಿರುಗಿದಾಗ ಕೆಳಗಿನ ಚಾರ್ಜ್ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿ ಸಿಡಿಐ ಪೆಟ್ಟಿಗೆಯಲ್ಲಿ ಸೇರುತ್ತದೆ. ಪಲ್ಸರ್ ಕಾಯಿಲ್ ಹೊತ್ತು ಹೇಳಿದ ಕ್ಷಣ ಅದೆಲ್ಲ ಇಗ್ನಿಷನ್ ಕಾಯಿಲ್‌ಗೆ ನುಗ್ಗಿ, ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿನಲ್ಲಿ ಸಿಡಿಯುತ್ತದೆ. ಬ್ಯಾಟರಿಯೇ ಬೇಡ. ಇಂಜಿನ್ ನಿಲ್ಲಿಸುವ ಕ್ರಮ ಮಾತ್ರ ಮನೆಯ ಸ್ವಿಚ್ಚಿಗೆ ತದ್ವಿರುದ್ಧ: ಸ್ಟಾಪ್ ಬಟನ್ ಒತ್ತಿದರೆ ಸಿಡಿಐಯ ಕರೆಂಟ್ ಇಂಜಿನ್ ಮೈಗೆ ಇಳಿದು ಕಿಡಿ ಸಾಯುತ್ತದೆ. ಆ ಸ್ಟಾಪ್ ವಯರಿನ ಸಿಪ್ಪೆ ಸವೆದು ಎಲ್ಲಾದರೂ ಲೋಹಕ್ಕೆ ತಾಗಿದರೂ ಪರಿಣಾಮ ಅದೇ. ಹಾಗಾಗಿ ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಎರಡರಲ್ಲೂ ಕಿಡಿ ಇಲ್ಲದಿದ್ದರೆ ಅನುಭವಿಗಳು ಮೊದಲು ಸ್ಟಾಪ್ ವಯರನ್ನೇ ಬಿಡಿಸಿ ನೋಡುತ್ತಾರೆ. ಕಿಡಿ ಬಂತೆಂದರೆ ದುಬಾರಿ ಸಿಡಿಐ ಬದಲಿಸುವ ಖರ್ಚು ಉಳಿಯಿತು. ಈ ಒಂದು ಪರೀಕ್ಷೆ ಮಾಡದೆ ಹೊಸ ಪೆಟ್ಟಿಗೆ ಕೊಳ್ಳಿಸುವುದು ಬಡ ಮೀನುಗಾರನಿಗೆ ಮಾಡುವ ಅನ್ಯಾಯ.

ಫ್ಲೈವೀಲಿನ ಅಡಿಯ ವಯರುಗಳ ಕಷ್ಟ ಬೇರೆ. ಥ್ರಾಟಲ್ ತಿರುವಿದಾಗಲೆಲ್ಲ ಅನೇಕ ಮಾಡೆಲ್‌ಗಳಲ್ಲಿ ಕಾಯಿಲ್ ಕೂತ ತಟ್ಟೆಯೂ ಆಚೀಚೆ ಸರಿಯುತ್ತದೆ. ಜೊತೆಗೆ ವಯರೂ ಬಾಗುತ್ತದೆ. ಹೊರಗಿನ ಸಿಪ್ಪೆ ನೆಟ್ಟಗಿದ್ದು ಒಳಗಿನ ಎಳೆ ತುಂಡಾಗಿರುತ್ತದೆ. ಮೀಟರ್ ಹಚ್ಚಿದಾಗ ಎಲ್ಲ ಸರಿ, ವಯರ್ ಸ್ವಲ್ಪ ಬಗ್ಗಿಸಿದರೆ ಮುಳ್ಳು ಬಿದ್ದುಹೋಗುತ್ತದೆ. ಅಂಥ ವಯರಿನ ಸಿಪ್ಪೆ ಸುಲಿದು ನೋಡಿ: ಕೆಂಪಗಿರಬೇಕಾದ ತಾಮ್ರ ಹಸಿರು ಕಿಲುಬು ಹಿಡಿದು, ಉಗುರು ತಾಗಿದರೆ ಪುಡಿಯಾಗುತ್ತದೆ. ಉಪ್ಪುನೀರು ತುದಿಯಲ್ಲಿ ಹೊಕ್ಕು ಸಿಪ್ಪೆಯೊಳಗೇ ಮೇಲಕ್ಕೆ ಏರಿರುತ್ತದೆ.

ರಿಪೇರಿಯ ನಿಜವಾದ ಕೈಚಳಕ ಇಲ್ಲಿ. ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸುತ್ತ ಹೋಗಬೇಕು. ಎರಡು ಎಳೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ದಂಡೆಯಲ್ಲಿ ನಡೆಯುತ್ತದೆ, ಕಡಲಲ್ಲಿ ಕೈಕೊಡುತ್ತದೆ. ಬರೀ ಬೆಸುಗೆಯೂ ಸಾಲದು. ಬೆಸುಗೆ ಹಾಕಿದ ಭಾಗ ಸೆಟೆದು, ಇಂಜಿನ್ನಿನ ನಡುಕಕ್ಕೆ ಅದರ ಅಂಚಿನಲ್ಲೇ ವಯರ್ ಮುರಿಯುತ್ತದೆ. ತವರ ಲೇಪಿಸಿದ ತಾಮ್ರದ ವಯರ್ ತಂದು, ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಒತ್ತಿ, ಒಳಗೆ ಅಂಟಿನ ಲೇಪವಿರುವ ಸ್ಲೀವ್ ತೊಡಿಸಿ ಬಿಸಿ ಕೊಡಬೇಕು. ಸ್ಲೀವಿನ ಎರಡೂ ತುದಿಯಿಂದ ಅಂಟು ತುಸು ಒಸರಿತೆಂದರೆ ನೀರಿನ ದಾರಿ ಮುಚ್ಚಿತು. ಆಮೇಲೆ ವಯರ್ ಎಲ್ಲೂ ಉಜ್ಜದಂತೆ, ಆದರೆ ತಟ್ಟೆ ಸರಿಯಲು ಸಡಿಲ ಉಳಿಯುವಂತೆ ಕ್ಲಿಪ್ಪಿಗೆ ಕೂರಿಸಬೇಕು. ಮೂಲದಲ್ಲಿ ಹೋದ ದಾರಿಯಲ್ಲೇ ಹೊಸ ವಯರೂ ಹೋಗಬೇಕು. ಒಂದಿಂಚು ತಪ್ಪಿದರೂ ಫ್ಲೈವೀಲ್ ಅದನ್ನು ಕಡಿದುಹಾಕುತ್ತದೆ.

ಕೊನೆಗೆ ನೀರಿನ ಡ್ರಮ್ಮಿನಲ್ಲಿ ಇಂಜಿನ್ ಓಡಿಸಿ, ಥ್ರಾಟಲನ್ನು ಪೂರ್ತಿ ಆಚೀಚೆ ತಿರುವಿ, ಸ್ಟಾಪ್ ಬಟನ್ ಒತ್ತಿ ಪರೀಕ್ಷೆ. ಚೆನ್ನಾಗಿ ಓಡಿದರಷ್ಟೇ ಸಾಲದು, ಒತ್ತಿದಾಗ ನಿಲ್ಲಲೂ ಬೇಕು. ನೀರಿಗೆ ಬಿದ್ದವನ ಹತ್ತಿರ ರೆಕ್ಕೆ ತಿರುಗುತ್ತಿರಬಾರದು. ಇದಿಷ್ಟೂ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಆಗಬೇಕಾದ ಕೆಲಸ. ಜೂನ್ ಬಂದಮೇಲೆ ಶೆಡ್ಡಿನ ಮುಂದೆ ಇಂಜಿನ್ನುಗಳ ಸಾಲು ಬೆಳೆಯುತ್ತದೆ, ಮೀನು ಕಾಯುವುದಿಲ್ಲ.