ಗಣಿತದ ಪಾಠಕ್ಕೆ ಟ್ಯಾಬ್ಲೆಟ್: ಕೊಳ್ಳುವ ಮುನ್ನ

ಪ್ರೌಢಶಾಲೆಯ ಗಣಿತವನ್ನು ಟ್ಯಾಬ್ಲೆಟ್ಟಿನ ಮೇಲೆ ಕಲಿಸುವ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ನಮ್ಮ ಮುಂಬಯಿಯಲ್ಲಿಯೇ ಮಹಾನಗರಪಾಲಿಕೆಯು 2015ರಲ್ಲಿ ತನ್ನ ಶಾಲೆಗಳ ಎಂಟನೆಯ ಇಯತ್ತೆಯ ಮಕ್ಕಳಿಗೆ ಟ್ಯಾಬ್ಲೆಟ್ ಹಂಚಲು ತೊಡಗಿತು. ಪುಕ್ಕಟೆ ದೊರೆಯದ ಕಡೆ ಪಾಲಕರೇ ಕೊಂಡುಕೊಡಬೇಕು. ಸಂಬಳದಲ್ಲಿ ಕಂತು ಕಟ್ಟಿ ಇದನ್ನು ಕೊಳ್ಳುವುದು ಸರಿಯೇ ಎಂದು ವಾಚನಾಲಯಕ್ಕೆ ಬರುವ ಪಾಲಕರು ಕೇಳುವುದುಂಟು. ಅವರಿಗಾಗಿ ಈ ನಾಲ್ಕು ಮಾತು.

ಗಣಿತದಲ್ಲಿ ಟ್ಯಾಬ್ಲೆಟ್ಟಿನ ಮುಖ್ಯ ಉಪಯೋಗವೆಂದರೆ, ಕರಿಹಲಗೆಯ ಮೇಲೆ ನಿಂತಲ್ಲೇ ನಿಲ್ಲುವ ಆಕೃತಿಯನ್ನು ಅದು ಚಲಿಸುವಂತೆ ಮಾಡುತ್ತದೆ. ಆಸ್ಟ್ರಿಯಾ ದೇಶದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಜಿಯೋಜೀಬ್ರಾ’ ಎಂಬ ತಂತ್ರಾಂಶ ಇದಕ್ಕೆಂದೇ ಇದೆ. ವಿದ್ಯಾರ್ಥಿಗಳಿಗೆ ಅದು ಪುಕ್ಕಟೆ. ವರ್ಗ ಬಹುಪದೋಕ್ತಿಯ ನಕ್ಷೆಯನ್ನೇ ತೆಗೆದುಕೊಳ್ಳಿ. ಎಕ್ಸ್ ವರ್ಗದ ಸಹಗುಣಕವನ್ನು 1ರಿಂದ 3ಕ್ಕೆ ಏರಿಸಿದರೆ ಪರವಲಯ ಕಿರಿದಾಗುತ್ತದೆ. ಋಣ ಸಂಖ್ಯೆಗೆ ಇಳಿಸಿದರೆ ತಲೆಕೆಳಗಾಗುತ್ತದೆ. ಕೈಯಿಂದ ಇಂತಹ ಹತ್ತು ನಕ್ಷೆ ಬರೆಯುವುದರೊಳಗೆ ತಾಸು ಮುಗಿದಿರುತ್ತದೆ. ಇಲ್ಲಿ ಬೆರಳು ಸರಿಸಿದಂತೆ ಕಣ್ಣೆದುರೇ ಬದಲಾವಣೆ ಕಾಣುವುದು.

ಆದರೆ ಕಂಡದ್ದೆಲ್ಲ ಗಣಿತವಲ್ಲ. ತ್ರಿಭುಜದ ಮೂರು ಕೋನಗಳು 59.6, 60.6 ಮತ್ತು 59.8 ಡಿಗ್ರಿ ಇವೆಯೆನ್ನಿ. ಮೊತ್ತ ಸರಿಯಾಗಿ 180. ತೆರೆಯ ಮೇಲೆ ದಶಮಾಂಶ ಬಿಟ್ಟು ಪೂರ್ಣಸಂಖ್ಯೆಗಳಲ್ಲಿ ತೋರಿಸಿದರೆ ಅವು 60, 61, 60 ಆಗುತ್ತವೆ, ಕೂಡಿದರೆ 181! ಅಳತೆಯನ್ನೇ ನಂಬಿದ ಹುಡುಗ ಇಲ್ಲಿ ಕಂಗಾಲಾಗುತ್ತಾನೆ. ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದು, ಪರ್ಯಾಯ ಕೋನಗಳು ಸಮವೆಂದು ತೋರಿಸಿ, ಮೊತ್ತ 180 ಆಗಲೇಬೇಕೆಂದು ಸಾಧಿಸಿದವನಿಗೆ ಅಂತಹ ಭಯವಿಲ್ಲ. ಆ ಸಾಧನೆ ಪೆನ್ಸಿಲು ಹಿಡಿದು, ಒಂದೊಂದೇ ಮೆಟ್ಟಿಲು ಬರೆದು ಬರತಕ್ಕದ್ದು. ಬೋರ್ಡಿನ ಪರೀಕ್ಷೆಯೂ ಕಾಗದದ ಮೇಲೆಯೇ ನಡೆಯುತ್ತದೆ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 2015ರಲ್ಲಿ ಹೊರತಂದ ವರದಿಯ ಪ್ರಕಾರ, ಶಾಲೆಯ ಗಣಕಯಂತ್ರಗಳಿಗಾಗಿ ವಿಪುಲವಾಗಿ ಹಣ ಸುರಿದ ದೇಶಗಳಲ್ಲಿ ಗಣಿತದ ಮಟ್ಟ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಯಂತ್ರ ಬಂದರಾಯಿತು, ಕಲಿಕೆ ತಾನಾಗಿ ಬರುತ್ತದೆಂಬುದು ಸುಳ್ಳು.

ಆದುದರಿಂದ ಪಾಲಕರಲ್ಲಿ ನಮ್ಮ ಸೂಚನೆ ಇಷ್ಟೇ. ಸಾಲ ಮಾಡಿ ಕೊಳ್ಳಬೇಡಿ. ಜಿಯೋಜೀಬ್ರಾ ಮನೆಯಲ್ಲಿರುವ ಮೊಬೈಲಿನಲ್ಲಿಯೂ ನಡೆಯುತ್ತದೆ. ಶಾಲೆಯವರು ಕೊಳ್ಳಲೇಬೇಕೆಂದರೆ, ಯಾವ ಪಾಠಕ್ಕೆ, ವಾರಕ್ಕೆ ಎಷ್ಟು ತಾಸು ಬಳಸುವಿರೆಂದು ವಿನಯದಿಂದ ಕೇಳಿರಿ. ಇಬ್ಬರು ಮಕ್ಕಳಿಗೆ ಒಂದೇ ಟ್ಯಾಬ್ಲೆಟ್ ಇದ್ದರೂ ಕೊರತೆಯೇನಲ್ಲ. ಒಬ್ಬನು ಬೆರಳಾಡಿಸುವಾಗ ಇನ್ನೊಬ್ಬನು ಮುಂದೇನಾಗುವುದೆಂದು ಊಹಿಸಿ ಹೇಳಲಿ, ಆಮೇಲೆ ಇಬ್ಬರೂ ಕಾರಣ ಬರೆಯಲಿ. ಮನೆಯಲ್ಲಿಯೂ ಮಗುವಿಗೆ “ಉತ್ತರ ಎಷ್ಟು ಬಂತು?” ಎಂದು ಕೇಳುವುದರ ಜೊತೆಗೆ “ಅದು ಹಾಗೇಕೆ ಬಂತು?” ಎಂದೂ ಕೇಳುತ್ತ ಬನ್ನಿರಿ. ಈ ಪ್ರಶ್ನೆಗೆ ಕಾಸಿನ ಖರ್ಚಿಲ್ಲ.