ಅಂಗೈ ನಡುಗಿದರೆ ಅದು ಕುಡಿತವೇ?

ಕಳೆದ ಶ್ರಾವಣದಲ್ಲಿ ಬುಕ್ಕಸಾಗರದ ಕಡೆಯ ಹಿರಿಯ ಭಕ್ತರೊಬ್ಬರು ಮಠಕ್ಕೆ ಬಂದಿದ್ದಾಗ ತಮ್ಮ ಸಂಕಟವೊಂದನ್ನು ನಮ್ಮಲ್ಲಿ ತೋಡಿಕೊಂಡರು. ತುಂಗಭದ್ರೆಯ ದಂಡೆಯಲ್ಲಿ ಬಾಳೆ, ಕಬ್ಬು ಬೆಳೆಯುತ್ತ ಎಪ್ಪತ್ತರ ಸಮೀಪಕ್ಕೆ ಬಂದ ಜೀವ. ಬೆಳಗಿನ ಪೂಜೆಗೆ ಕುಳಿತು ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡರೆ ತೊಡೆಗೆ ಊರಿದ ಕೈ ತಾನೇ ತಾನಾಗಿ ನಡುಗುತ್ತದೆ, ದೃಷ್ಟಿ ನಿಲ್ಲುವುದಿಲ್ಲ, ಲಿಂಗವೆಲ್ಲಿ ಜಾರೀತೋ ಎಂಬ ಭಯ ಬೇರೆ. ಅದಕ್ಕಿಂತಲೂ ಅವರನ್ನು ನೋಯಿಸಿದ್ದು ಊರಿನ ಮಾತು. ಕಟ್ಟೆಯ ಮೇಲೆ ಕುಳಿತಾಗ ನಡುಗುವ ಕೈಯನ್ನು ಕಂಡು ಹುಡುಗರು, "ಯಜಮಾನ್ರಿಗೆ ರಾತ್ರಿಯದು ಇನ್ನೂ ಇಳಿದಿಲ್ಲ" ಎಂದು ನಕ್ಕರಂತೆ. "ಜೀವಮಾನದಾಗ ಒಂದು ಹನಿ ಮುಟ್ಟಿದವನಲ್ಲರೀ ನಾನು" ಎನ್ನುವಾಗ ಅವರ ಕಣ್ಣು ತುಂಬಿತ್ತು.

ಅವರಿಗಿದ್ದುದು ಪಾರ್ಕಿನ್ಸನ್ ಕಾಯಿಲೆ. ಆಯುರ್ವೇದದಲ್ಲಿ ಇದನ್ನು ಹೋಲುವ ಕಾಯಿಲೆಗೆ ಕಂಪವಾತವೆಂಬ ಹೆಸರಿದೆ. ಕುಡಿತದ ನಡುಕಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೇ ಮೊದಲು ಗುರುತಿಸಬಹುದು. ಕುಡಿತಕ್ಕೆ ಬಿದ್ದವರ ಕೈ ಮದ್ಯ ಸಿಗದ ಹೊತ್ತಿನಲ್ಲಿ, ಮುಖ್ಯವಾಗಿ ಬೆಳಗಿನ ಜಾವ, ಎರಡೂ ಕಡೆ ಸಮನಾಗಿ ನಡುಗುತ್ತದೆ, ಕೈ ಚಾಚಿದಾಗ ಎದ್ದು ಕಾಣುತ್ತದೆ, ಕುಡಿದೊಡನೆ ನಿಲ್ಲುತ್ತದೆ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಒಂದೇ ಕೈಯಿಂದ ಆರಂಭವಾಗುತ್ತದೆ. ಕೈ ಸುಮ್ಮನಿದ್ದಾಗ ಹೆಚ್ಚು, ಲೋಟ ಎತ್ತಲು ಹೋದಾಗ ಕಡಿಮೆ. ಜೊತೆಗೆ ನಡಿಗೆ ನಿಧಾನವಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ, ಮುಖದ ಭಾವ ಮಂಕಾಗುತ್ತದೆ. ಇದಕ್ಕೆ ಬಹಳ ವರ್ಷ ಮೊದಲೇ ಎಷ್ಟೋ ಜನರಿಗೆ ವಾಸನೆ ಹಿಡಿಯುವ ಶಕ್ತಿ ಕುಂದಿರುತ್ತದೆ. ಇವೆರಡೂ ಅಲ್ಲದೆ ವಂಶದಲ್ಲಿ ಹರಿದುಬರುವ ಮೂರನೆಯ ಬಗೆಯ ನಡುಕವೂ ಉಂಟು. ಆದುದರಿಂದ ತೀರ್ಪನ್ನು ವೈದ್ಯರಿಗೇ ಬಿಡುವುದು ಕ್ಷೇಮ.

ಊರಿನ ಹುಡುಗರು ಅರಿಯದೆ ಆಡಿದ ಮಾತಿನಲ್ಲಿ ಒಂದು ವಿಚಿತ್ರ ಸತ್ಯ ಅಡಗಿದೆ. ಪಾರ್ಕಿನ್ಸನ್ ಮತ್ತು ವ್ಯಸನ ಬೇರೆ ಬೇರೆ ಕಾಯಿಲೆಗಳಾದರೂ ಮಿದುಳಿನಲ್ಲಿ ಅವು ನೆರೆಮನೆಯವು. ಮಿದುಳಿನ ನಡುಭಾಗದಲ್ಲಿ ಕಪ್ಪು ಛಾಯೆಯ ಒಂದು ಕಿರುಪ್ರದೇಶವಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸಿ ನಮ್ಮ ಚಲನೆಗೆ ಲಯ ಕೊಡುತ್ತವೆ. ಈ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಪಾರ್ಕಿನ್ಸನ್. ಕೈ ನಡುಗತೊಡಗುವ ವೇಳೆಗೆ ಅವುಗಳಲ್ಲಿ ಸುಮಾರು ಅರ್ಧದಷ್ಟು ಹೋಗಿಯೇ ಬಿಟ್ಟಿರುತ್ತವೆ. ಇದರ ಪಕ್ಕದಲ್ಲೇ ಡೋಪಮಿನ್ ಸುರಿಸುವ ಇನ್ನೊಂದು ಕೋಶಸಮೂಹವಿದೆ. ಹಸಿದಾಗ ಉಣ್ಣುವ ತುತ್ತು, ಮಗುವಿನ ನಗೆ ಇವುಗಳ ಹಿತವನ್ನು ನೆನಪಿನಲ್ಲಿಟ್ಟು "ಮತ್ತೆ ಬೇಕು" ಎನ್ನಿಸುವುದು ಅದರ ಕೆಲಸ. ಮದ್ಯ, ತಂಬಾಕು, ಅಫೀಮು ಈ ವ್ಯವಸ್ಥೆಗೆ ಕನ್ನ ಹಾಕುತ್ತವೆ. ಕಾಲಕ್ರಮದಲ್ಲಿ ಮಿದುಳು ಸಹಜ ಸುಖಗಳಿಗೆ ಮಂದವಾಗಿ, ಆ ಒಂದು ವಸ್ತುವಿಗೆ ಮಾತ್ರ ಎಚ್ಚರಗೊಳ್ಳುತ್ತದೆ. ಕುಡಿಯುವವನು ಹೆಂಡತಿ ಮಕ್ಕಳ ಕಣ್ಣೀರಿಗೂ ಕರಗದಿರುವುದನ್ನು ಕಲ್ಲೆದೆ ಎಂದು ಮಾತ್ರ ಬಗೆಯುವವರು ಇದನ್ನು ಗಮನಿಸಬೇಕು.

ಇವೆರಡನ್ನು ಒಂದೇ ಎಳೆಯಲ್ಲಿ ಕಟ್ಟಿದ ಘಟನೆ 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆಯಿತು. ಕಳ್ಳಮಾರ್ಗದಲ್ಲಿ ತಯಾರಾದ ಕೃತಕ ಹೆರಾಯಿನನ್ನು ಚುಚ್ಚಿಕೊಂಡ ಕೆಲವು ವ್ಯಸನಿಗಳು ಕೆಲವೇ ದಿನಗಳಲ್ಲಿ ಶಿಲೆಯಂತೆ ಸೆಟೆದು ನಿಂತರು. ಅಲುಗಲಾರರು, ಮಾತನಾಡಲಾರರು. ವೃದ್ಧಾಪ್ಯದ ಪಾರ್ಕಿನ್ಸನ್ ಲಕ್ಷಣಗಳೆಲ್ಲ ಈ ಚಿಕ್ಕ ವಯಸ್ಸಿನವರಲ್ಲಿ! ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರವೈದ್ಯರು ಬೆನ್ನುಹತ್ತಿ ಶೋಧಿಸಿದಾಗ ಆ ಮಾದಕದಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ಕಲ್ಮಶ ಆ ಕಪ್ಪು ಪ್ರದೇಶದ ಕೋಶಗಳನ್ನೇ ಆಯ್ದು ಕೊಂದಿತ್ತೆಂದು ತಿಳಿಯಿತು. ಹೊರಗಿನ ವಿಷವೊಂದು ಈ ಕಾಯಿಲೆಯನ್ನು ತರಬಲ್ಲದೆಂಬುದು ಹೀಗೆ ಬಯಲಾಯಿತು. ಆ ವಿಷ ದೇಹದೊಳಗೆ ತಾಳುವ ರೂಪಕ್ಕೂ ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ರಚನೆಯಲ್ಲಿ ಹತ್ತಿರದ ಹೋಲಿಕೆಯಿದೆ. ಪ್ಯಾರಾಕ್ವಾಟ್ ಸಂಪರ್ಕಕ್ಕೂ ಪಾರ್ಕಿನ್ಸನ್ನಿಗೂ ನಂಟಿರುವುದಾಗಿ ಹಲವು ಅಧ್ಯಯನಗಳು ಹೇಳಿವೆ. ಅದೇ ಕಾರಣವೆಂದು ಇನ್ನೂ ನಿರ್ಣಯವಾಗಿಲ್ಲ. ನಿರ್ಣಯವಾಗುವವರೆಗೆ ಬರಿಗೈಯಲ್ಲಿ, ಬರಿಮೈಯಲ್ಲಿ ಔಷಧ ಸಿಂಪಡಿಸುವ ರೂಢಿಯನ್ನು ನಮ್ಮ ರೈತಬಂಧುಗಳು ಬಿಡಬಾರದೇಕೆ?

ಈ ಎಂಪಿಟಿಪಿಯನ್ನೇ ಇಲಿಗಳ ಮೇಲೆ ಪ್ರಯೋಗಿಸಿ ಕೋಶಗಳ ಸಾವಿನ ಬಗೆಯನ್ನು ಅರಿಯಲು ಹೊರಟವರಲ್ಲಿ ಬೆಂಗಳೂರಿನ ವಿಜ್ಞಾನಿ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್ ಪ್ರಮುಖರು. 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಅವರು 1986ರಲ್ಲಿ ನಿಮ್ಹಾನ್ಸ್ ಸೇರಿದರು. ಮುಂದೆ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವನ್ನೂ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನ ಕೇಂದ್ರವನ್ನೂ ಕಟ್ಟಿ ಬೆಳೆಸಿದರು. 2010ರಲ್ಲಿ ಪದ್ಮಶ್ರೀ ಸಂದಿತು. ಕೋಶಕ್ಕೆ ಶಕ್ತಿ ಒದಗಿಸುವ ಒಲೆಯಂತಿರುವ ಮೈಟೊಕಾಂಡ್ರಿಯವನ್ನು ಈ ವಿಷ ಹೇಗೆ ಕೆಡಿಸುತ್ತದೆ, ಗ್ಲೂಟರೆಡಾಕ್ಸಿನ್ ಎಂಬ ಕಿಣ್ವ ಅದನ್ನು ಹೇಗೆ ಕಾಪಾಡುತ್ತದೆ ಎಂಬುದನ್ನು ಅವರ ತಂಡ ತೋರಿಸಿತು. ಹೆಣ್ಣಿಲಿಗಳ ಮಿದುಳಿನಲ್ಲಿ ಈ ಕಿಣ್ವ ಹೆಚ್ಚಾಗಿರುವುದರಿಂದ ಅವು ವಿಷಕ್ಕೆ ಅಷ್ಟು ಬೇಗ ಬಲಿಯಾಗವು. ಪಾರ್ಕಿನ್ಸನ್ ಗಂಡಸರಲ್ಲಿ ಹೆಚ್ಚಾಗಿ ಕಾಣುವುದೇಕೆಂಬ ಪ್ರಶ್ನೆಗೆ ಇದೊಂದು ಸುಳಿವು.

ವ್ಯಸನದ ಕಡೆಗೂ ಅವರ ಶೋಧನೆ ಬೆಳಕು ಚೆಲ್ಲಿದೆ. ಔಷಧಗಳನ್ನು ಪರಿವರ್ತಿಸುವುದು ಯಕೃತ್ತಿನ ಕೆಲಸವೆಂದು ಬಹುಕಾಲ ನಂಬಲಾಗಿತ್ತು. ಆ ಕೆಲಸ ಮಾಡುವ ಕಿಣ್ವಗಳು ಮನುಷ್ಯನ ಮಿದುಳಿನಲ್ಲಿಯೂ ಇವೆ ಎಂದು ವಿಜಯಲಕ್ಷ್ಮಿಯವರ ಪ್ರಯೋಗಗಳು ತೋರಿಸಿದವು. ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೊಡೀನ್ ಮಿದುಳಿನಲ್ಲಿಯೇ ಮಾರ್ಫಿನ್ ಆಗಬಲ್ಲದೆಂದು 2004ರಲ್ಲಿ ಅವರ ತಂಡ ವರದಿ ಮಾಡಿತು. ಈ ವರದಿಯ ಬಗ್ಗೆ ಬೇರೆ ವಿಜ್ಞಾನಿಗಳು ತಕರಾರು ತೆಗೆದಿರುವುದೂ ಉಂಟು. ಶಾಸ್ತ್ರ ಬೆಳೆಯುವುದು ಹಾಗೆಯೇ. ಆದರೆ ಕೊಡೀನ್ ಅಫೀಮಿನ ಕುಲದ್ದೆಂಬುದರಲ್ಲಿ ತಕರಾರಿಲ್ಲ. ಮಗ ಕೆಮ್ಮಿಲ್ಲದೆ ಸಿರಪ್ಪಿನ ಬಾಟಲಿ ಕೊಳ್ಳುತ್ತಿದ್ದರೆ ತಾಯಂದಿರು ಅದನ್ನು ಸಾಮಾನ್ಯವೆಂದು ಭಾವಿಸಬಾರದು.

2012ರಲ್ಲಿ ಪ್ರಕಟವಾದ ಅವರ ಇನ್ನೊಂದು ಸಂಶೋಧನೆ ಅಶ್ವಗಂಧದ ಬೇರಿನ ಸಾರದ ಕುರಿತದ್ದು. ಆಲ್‌ಝೈಮರ್ಸ್ ಬರುವಂತೆ ಮಾಡಿದ ಇಲಿಗಳಲ್ಲಿ ಅದು ನೆನಪನ್ನು ಮರಳಿ ಸುಧಾರಿಸಿತು. ಇದನ್ನು ಓದಿ ಅಂಗಡಿಗೆ ಧಾವಿಸಬಾರದೆಂದು ಭಕ್ತರಲ್ಲಿ ನಮ್ಮ ಬಿನ್ನಹ. ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲಿ ಫಲಿಸಿಯೇ ತೀರುವುದೆಂದಿಲ್ಲ. ನಸುಗುನ್ನಿಯ ವಿಷಯವೂ ಅಷ್ಟೇ. ಅದರ ಬೀಜದಲ್ಲಿ ಲೆವೊಡೋಪ ಇರುವುದು ನಿಜ, ಪಾರ್ಕಿನ್ಸನ್ನಿನ ಮುಖ್ಯ ಔಷಧವೂ ಅದೇ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ವೈದ್ಯರ ಗುಳಿಗೆಯೊಡನೆ ಇದನ್ನೂ ಸೇವಿಸಿದರೆ ಔಷಧ ಮಿತಿಮೀರುತ್ತದೆ.

ಇನ್ನು ವ್ಯಸನದ ಚಿಕಿತ್ಸೆ. ನಮ್ಮ ಈ ಭಾಗದಲ್ಲಿ ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳನ್ನು ನೆನೆಯದೆ ಈ ಮಾತು ಮುಂದೆ ಸಾಗದು. 1970ರ ದಶಕದಿಂದ ಮನೆಮನೆಗೆ, ಕೇರಿಕೇರಿಗೆ ಜೋಳಿಗೆ ಹಿಡಿದು ಹೋಗಿ ಕಾಸನ್ನಲ್ಲ, ದುಶ್ಚಟವನ್ನು ಭಿಕ್ಷೆ ಬೇಡಿದವರು ಅವರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಚಟ ಹಾಕಿ ಮನೆ ಉಳಿಸಿಕೊಂಡವರು ನಮ್ಮ ಭಕ್ತರಲ್ಲಿಯೇ ಇದ್ದಾರೆ.

ಆ ಸಂಕಲ್ಪದ ಮರುದಿನ ದೇಹದಲ್ಲಿ ಏನಾಗುತ್ತದೆಂಬುದನ್ನು ಮನೆಯವರು ತಿಳಿದಿರಲೇಬೇಕು. ವರ್ಷಗಟ್ಟಲೆ ನಿತ್ಯ ಕುಡಿದವನು ಒಮ್ಮೆಲೇ ಬಿಟ್ಟರೆ ಕೆಲವು ತಾಸುಗಳಲ್ಲಿ ನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿದು ಇಲ್ಲದ ಹುಳು, ಹಾವು, ಆಳುಗಳನ್ನು ಕಾಣಬಹುದು. ದೇವರ ಆಣೆ ಮುರಿಯುವ ಯೋಚನೆ ಬಂದುದಕ್ಕೆ ಶಾಪ ತಟ್ಟಿತು, ಗಾಳಿ ಸೋಕಿತು ಎಂದು ಕೆಲವರು ಮಂತ್ರಿಸಲು ಕರೆದೊಯ್ಯುತ್ತಾರೆ. ಅದು ಶಾಪವಲ್ಲ, ಗಾಳಿಯಲ್ಲ. ಆ ಸ್ಥಿತಿಯಲ್ಲಿ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆದುದರಿಂದ ನಿತ್ಯ ಕುಡಿಯುವವರು ದೀಕ್ಷೆ ತೆಗೆದುಕೊಳ್ಳುವ ಮೊದಲೇ ವೈದ್ಯರನ್ನು ಕಾಣಲಿ. ಆ ಕೆಲವು ದಿನಗಳನ್ನು ಸುರಕ್ಷಿತವಾಗಿ ದಾಟಿಸುವ ಔಷಧಗಳಿವೆ.

ಬಿ1 ಜೀವಸತ್ವದ ಮಾತು ಪ್ರತ್ಯೇಕವಾಗಿ ಹೇಳಬೇಕು. ಊಟ ಬಿಟ್ಟು ಕುಡಿಯುವವರಲ್ಲಿ ಇದು ಬರಿದಾಗಿ ಕಣ್ಣು ವಾಲುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಸಕಾಲದಲ್ಲಿ ಬಿ1 ಚುಚ್ಚುಮದ್ದು ಕೊಟ್ಟರೆ ಗುಣವಾಗುವ ಈ ಸ್ಥಿತಿ, ತಡವಾದರೆ ನೆನಪನ್ನು ಶಾಶ್ವತವಾಗಿ ಕಸಿಯುತ್ತದೆ. ಗ್ಲೂಕೋಸ್ ಹಚ್ಚುವ ಮುನ್ನ "ಇವರು ದಿನಾ ಕುಡಿಯುವವರು" ಎಂದು ವೈದ್ಯರಿಗೆ ನಾಚಿಕೆಯಿಲ್ಲದೆ ಹೇಳಿ. ಬಿ1 ಇಲ್ಲದ ಗ್ಲೂಕೋಸು ಇಂಥವರಿಗೆ ಕೇಡು ಮಾಡಬಲ್ಲದು.

ಚಟ ಮರುಕಳಿಸದಂತೆ ತಡೆಯಲು ನಾಲ್ಟ್ರೆಕ್ಸೋನ್, ಡೈಸಲ್ಫಿರಮ್ ಮೊದಲಾದ ಔಷಧಗಳಿವೆ. ಗೊತ್ತಾಗದಂತೆ ಅನ್ನದಲ್ಲಿ ಬೆರೆಸಿ ಎಂದು ಜಾಹೀರಾತಿನಲ್ಲಿ ಮಾರುವ ಪುಡಿಗಳನ್ನು ಮಾತ್ರ ತರಬೇಡಿ. ಅದರಲ್ಲಿ ಡೈಸಲ್ಫಿರಮ್ ಇದ್ದು, ಅರಿಯದೆ ಉಂಡವನು ಸಂಜೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಎರವಾದೀತು. ಆ ಔಷಧ ರೋಗಿಗೆ ತಿಳಿದು, ಅವನು ಒಪ್ಪಿ, ವೈದ್ಯರ ಕಣ್ಣೆದುರು ಆರಂಭವಾಗಬೇಕಾದದ್ದು.

ವಯಸ್ಸಾದವರ ಮರೆವನ್ನು "ಅರವತ್ತಕ್ಕೆ ಅರಳು ಮರಳು" ಎಂದು ತಳ್ಳಿಹಾಕುವ ಕಾಲವೂ ಕಳೆಯಿತು. ವಿಜಯಲಕ್ಷ್ಮಿಯವರ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುವರ್ಷ ಪರೀಕ್ಷಿಸುವ ಗುರಿಯಿಟ್ಟು, ಮಿದುಳು ಸೊರಗುವ ಮೊದಲ ಗುರುತುಗಳನ್ನು ಹುಡುಕುತ್ತಿದೆ. ಮರೆವಿನ ಕಾಯಿಲೆಗಳಲ್ಲಿ ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞಸಮಿತಿ ಹೇಳಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಒಂಟಿತನಗಳ ಜೊತೆಗೆ ಧೂಮಪಾನ ಮತ್ತು ಅತಿಯಾದ ಮದ್ಯಪಾನವೂ ಅದರ ಪಟ್ಟಿಯಲ್ಲಿವೆ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಗೆ ಸೇರಿದ್ದಾಗ, 1985ರಿಂದ, ನಿಮ್ಹಾನ್ಸ್ ತಜ್ಞರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗ, ಮೂರ್ಛೆರೋಗಗಳ ಚಿಕಿತ್ಸೆಯ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ಮಾದರಿ! ಇಂದು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗವನ್ನು ಕಾಣಬಹುದು. ಹೋಗಲು ಸಂಕೋಚವಾದರೆ ಟೆಲಿಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು.

ಬುಕ್ಕಸಾಗರದ ಆ ಹಿರಿಯರಿಗೆ ನರವೈದ್ಯರು ಲೆವೊಡೋಪ ಆರಂಭಿಸಿದರು. ಅದನ್ನು ಊಟಕ್ಕೆ ಅರ್ಧ ತಾಸು ಮೊದಲು ಖಾಲಿ ಹೊಟ್ಟೆಯಲ್ಲಿ ಸೇವಿಸಿದರೆ ಚೆನ್ನಾಗಿ ಹತ್ತುತ್ತದೆ. ಅವರೀಗ ಸ್ನಾನಕ್ಕೆ ಹೋಗುವ ಮುನ್ನ ಗುಳಿಗೆ ನುಂಗುತ್ತಾರೆ. ಪೂಜೆ ಮುಗಿಸಿ ಆಮೇಲೆ ಪ್ರಸಾದಕ್ಕೆ ಏಳುತ್ತಾರೆ. ನಡುಕ ಪೂರ್ತಿ ಹೋಗಿಲ್ಲ. ಲಿಂಗದ ಮೇಲೆ ದೃಷ್ಟಿ ನಿಲ್ಲುವಷ್ಟು ಕಡಿಮೆಯಾಗಿದೆ ಎಂದು ಕಳೆದ ಅಮಾವಾಸ್ಯೆಯಂದು ಬಂದು ಹೇಳಿಹೋದರು.